ಮಾಷ್ಟ್ರಿಗೂ ಮಾರ್ಕ್ಸ್ ಕಾರ್ಡ್ ಕೊಡಬಹುದೇ?

ಕಾಪುವಿನಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದಿದ್ದಾರೆ. ಪತ್ರದ ಸಾರ ಇಷ್ಟು: 'ಬ್ಯಾಂಕಿನಲ್ಲಿ ನಮಗೆ ಡೆಪಾಸಿಟ್ಟಿಗೂ ಟಾರ್ಗೆಟ್, ವಸೂಲಿಗೂ ಟಾರ್ಗೆಟ್. ವರ್ಷದ ಕೊನೆಗೆ ನಮ್ಮ ಹಣೆಬರಹ ಒಂದು ಹಾಳೆಯಲ್ಲಿ ಬರುತ್ತಿತ್ತು. ಶಿಕ್ಷಕರಿಗೆ ಮಾತ್ರ ಯಾಕೆ ಇದೆಲ್ಲ ಇಲ್ಲ? ಎಸ್ಸೆಸ್ಸೆಲ್ಸಿಯಲ್ಲಿ ಯಾರ ವಿಷಯದಲ್ಲಿ ಎಷ್ಟು ಮಕ್ಕಳು ಪಾಸಾದರು ಎಂದು ಹೆಸರು ಸಮೇತ ಪಟ್ಟಿ ಪ್ರಕಟಿಸಿ. ಸೋಮಾರಿಗಳಿಗೆ ಸ್ವಲ್ಪ ಬಿಸಿ ಮುಟ್ಟಲಿ.'

ಮಾನ್ಯರೇ,

ನಿಮ್ಮ ಅರ್ಧ ಮಾತಿಗೆ ನನ್ನ ಒಪ್ಪಿಗೆ ಇದೆ. ಎಲ್ಲ ಮಾಷ್ಟ್ರೂ ಒಂದೇ ಅಲ್ಲ. ಒಳ್ಳೆಯ ಟೀಚರ್ ಸಿಕ್ಕಿದ ವರ್ಷ ಯಾವುದು, ಸಿಗದ ವರ್ಷ ಯಾವುದು ಎಂದು ಮಕ್ಕಳಿರುವ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಸುಮಾರು 25 ಲಕ್ಷ ಮಕ್ಕಳ ದಾಖಲೆ ಜಾಲಾಡಿ ಇದನ್ನೇ ಕಂಡರು. ಒಳ್ಳೆಯ ಶಿಕ್ಷಕರ ಕೈಯಲ್ಲಿ ಕಲಿತವರು ಕಾಲೇಜಿಗೆ ಹೋದದ್ದೂ ಜಾಸ್ತಿ, ಮುಂದೆ ಸಂಪಾದಿಸಿದ್ದೂ ಜಾಸ್ತಿ.

ತಕರಾರು ಇರುವುದು ನೀವು ಕೇಳಿದ ಪಟ್ಟಿಯ ಬಗ್ಗೆ.

ನಮ್ಮ ಉಡುಪಿ ಜಿಲ್ಲೆಯದ್ದೇ ಕತೆ ನೋಡಿ. 2023ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಮೊದಲು ಬಂದದ್ದು ಚಿತ್ರದುರ್ಗ. ಉಡುಪಿ ಮೊದಲ ಮೂರರಲ್ಲೂ ಇರಲಿಲ್ಲ. 2024ರಲ್ಲಿ ಶೇ. 94ರೊಂದಿಗೆ ಉಡುಪಿಯೇ ಮೊದಲು, ಶೇ. 92.12ರೊಂದಿಗೆ ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಇಬ್ಬರೂ ಜಾಗ ಬದಲಾಯಿಸಿಕೊಂಡರು. ಒಂದೇ ವರ್ಷದಲ್ಲಿ ನಮ್ಮ ಮಾಷ್ಟ್ರುಗಳೆಲ್ಲ ಅಷ್ಟು ಜಾಣರಾಗಿಬಿಟ್ಟರಾ? ಚಿತ್ರದುರ್ಗದವರು ಪಾಠ ಮರೆತರಾ? 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಕ್ಯಾಮೆರಾ ಕಣ್ಣು ಬಿಟ್ಟಿತು. ಇಡೀ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಜಾರಿತು, ಅದೂ ಧಾರಾಳವಾಗಿ ಕೃಪಾಂಕ ಕೊಟ್ಟ ಮೇಲೆ. ಕಲಿಸುವವರು ಅವರೇ, ತಕ್ಕಡಿ ಬೇರೆ. ಜಿಲ್ಲೆಯಷ್ಟು ದೊಡ್ಡ ಲೆಕ್ಕವೇ ಹೀಗೆ ಹೊಯ್ದಾಡುವಾಗ ಒಬ್ಬ ಟೀಚರ್ ಹೆಸರಿನ ಮುಂದೆ ಅಂಕಿ ಬರೆಯಲು ನನಗೆ ಧೈರ್ಯವಿಲ್ಲ.

ನಮ್ಮಲ್ಲಿ ಸಣ್ಣ ಶಾಲೆಗಳು ಬೇಕಾದಷ್ಟಿವೆ. ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ, ಪರೀಕ್ಷೆಯ ದಿನ ಒಂದು ಮಗುವಿಗೆ ಜ್ವರ ಬಂದರೂ ಫಲಿತಾಂಶ ನೂರರಿಂದ ತೊಂಬತ್ತು. ಹತ್ತನೆಯಲ್ಲಿ ಗಣಿತ ಪಾಸಾದ ಮಗುವಿಗೆ ಭಿನ್ನರಾಶಿ ಕಲಿಸಿದವರು ಐದನೆಯ ತರಗತಿಯ ಟೀಚರ್. ಹೆಸರು ಬರುವುದು ಹೈಸ್ಕೂಲಿನವರಿಗೆ. ನಡುವೆ ಟ್ಯೂಷನ್‌ನವರ ಪಾಲು ಎಷ್ಟು, ಮನೆಯಲ್ಲಿ ಕೂರಿಸಿ ಓದಿಸಿದ ಅಕ್ಕನ ಪಾಲು ಎಷ್ಟು? ಇನ್ನೊಂದು ವಿಷಯ, ಶೇ. 100ರ ಫ್ಲೆಕ್ಸ್ ಹಾಕುವ ಆಸೆಗೆ ಕಲಿಕೆಯಲ್ಲಿ ಹಿಂದಿರುವ ಮಗುವಿನ ಕೈಗೆ ಒಂಬತ್ತರಲ್ಲೇ ಟಿ.ಸಿ. ಕೊಡುವ ಶಾಲೆಗಳ ಬಗ್ಗೆ ಈ ಕಚೇರಿಗೆ ಪತ್ರ ಬರುತ್ತಲೇ ಇರುತ್ತದೆ. ಹೆಸರು ಹಾಕಿದ ಪಟ್ಟಿ ಬಂದರೆ ಅಂಥ ಮಕ್ಕಳ ಗತಿ ಏನು?

'ಹಾಗಾದರೆ ಪಾಸು-ಫೇಲು ಬಿಡಿ, ಮಗು ಎಲ್ಲಿಂದ ಎಲ್ಲಿಗೆ ಬಂತು ಎಂದು ನೋಡಿ' ಎನ್ನಬಹುದು ನೀವು. ನ್ಯಾಯವಾದ ಮಾತು. ಮೀನುಗಾರಿಕೆ ಸೀಸನ್ನಿನಲ್ಲಿ ಬಂದರಿರುವ ಮಲ್ಪೆಯ ಪಿಗ್ಮಿ ಏಜೆಂಟರಿಗೂ ಒಳನಾಡಿನ ಹೆಬ್ರಿಯ ಏಜೆಂಟರಿಗೂ ಒಂದೇ ಟಾರ್ಗೆಟ್ ಹಾಕುತ್ತಿರಲಿಲ್ಲ, ಅಲ್ವಾ? ಮನೆಯಲ್ಲಿ ತುಳುವೋ ಬ್ಯಾರಿಯೋ ಆಡಿ ಬಂದು ಒಂದನೇ ತರಗತಿಯಲ್ಲಿ ಕನ್ನಡ ಕಲಿಯುವ ಮಗು, ಕಟ್ಟಡ ಕೆಲಸಕ್ಕೆಂದು ಕೊಪ್ಪಳದಿಂದ ಬಂದ ಅಪ್ಪ-ಅಮ್ಮನ ಜೊತೆ ವರ್ಷದ ನಡುವೆ ಸೇರಿ ನಡುವೆಯೇ ಹೋಗುವ ಮಗು, ಇವರೆಲ್ಲ ಒಂದೇ ಗೆರೆಯಿಂದ ಓಡುವುದಿಲ್ಲ.

ಈ ಏರಿಕೆಯ ಲೆಕ್ಕಕ್ಕೂ ಒಂದು ಇತಿಹಾಸ ಇದೆ. ಅಮೆರಿಕದ ಟೆನೆಸ್ಸಿ ರಾಜ್ಯ 1992ರಲ್ಲೇ ಅದನ್ನು ಕಾನೂನು ಮಾಡಿತು. ಸೂತ್ರ ಕೊಟ್ಟ ವಿಲಿಯಂ ಸ್ಯಾಂಡರ್ಸ್ ಮೂಲತಃ ಕೃಷಿ ವಿಭಾಗದ ಸಂಖ್ಯಾಶಾಸ್ತ್ರಜ್ಞ! 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ನೀವು ಕೇಳಿದ್ದನ್ನೇ ಮಾಡಿತು. ಸುಮಾರು 6,000 ಶಿಕ್ಷಕರ ಹೆಸರು, ಪಕ್ಕದಲ್ಲಿ ದರ್ಜೆ. ಬೇರೆ ಸಂಶೋಧಕರು ಅದೇ ಅಂಕಿಗಳನ್ನು ತೆಗೆದುಕೊಂಡು, ಇನ್ನೂ ಕೆಲವು ಅಂಶ ಸೇರಿಸಿ ಲೆಕ್ಕ ಹಾಕಿದಾಗ, ಓದು ಕಲಿಸುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯ ದರ್ಜೆಯೇ ಬದಲಾಯಿತು. ಅಷ್ಟರೊಳಗೆ ಹೆಸರು ಊರಿಡೀ ಹಬ್ಬಿ ಆಗಿತ್ತು.

ನಿಮ್ಮ ಪರವಾಗಿಯೂ ಒಂದು ಸಾಕ್ಷಿ ಇದೆ, ಮುಚ್ಚಿಡುವುದಿಲ್ಲ. ಆಂಧ್ರದ ಹಳ್ಳಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಶಿಕ್ಷಕರಿಗೆ ಬೋನಸ್ ಕೊಟ್ಟು ನೋಡಿದರು. ವರ್ಷದ ಸಂಬಳದ ಸರಾಸರಿ ಶೇ. 3ರಷ್ಟು, ಅಷ್ಟೇ. ಎರಡು ವರ್ಷದಲ್ಲಿ ಮಕ್ಕಳ ಕಲಿಕೆ ನಿಜಕ್ಕೂ ಏರಿತು. ಶಿಕ್ಷಕರ ರಜೆ ಕಡಿಮೆಯಾಗಲಿಲ್ಲ, ಆದರೆ ಬಂದ ದಿನ ಹೆಚ್ಚು ಕಲಿಸಿದರು, ವಿಶೇಷ ತರಗತಿ ತೆಗೆದುಕೊಂಡರು. ಗಮನಿಸಿ: ಅಲ್ಲಿ ಪರೀಕ್ಷೆ ಮಾಡಿದ್ದು ಹೊರಗಿನವರು, ಹಣ ಕೊಟ್ಟದ್ದು ಮಗುವಿನ ಏರಿಕೆಗೆ. ಯಾರ ಹೆಸರೂ ಪೇಪರಿನಲ್ಲಿ ಬರಲಿಲ್ಲ.

ಹಾಗಾದರೆ ನೋಡುವುದು ಹೇಗೆ? ನನ್ನ ಕೇಳಿದರೆ, ತರಗತಿಯೊಳಗೆ ಹೋಗಿ ಕೂರಬೇಕು. ಮೂರನೆಯ ತರಗತಿಯ ಮಗು 52ರಿಂದ 38 ಕಳೆದು 26 ಎಂದು ಬರೆಯಿತು ಅನ್ನಿ. ಒಬ್ಬರು ತಪ್ಪು ಗುರುತು ಹಾಕಿ ಮುಂದೆ ಹೋಗುತ್ತಾರೆ. ಇನ್ನೊಬ್ಬರು 'ಹೇಗೆ ಮಾಡಿದೆ, ಹೇಳು ಮಗಾ' ಎನ್ನುತ್ತಾರೆ. ಎರಡರಿಂದ ಎಂಟು ಹೋಗದ ಕಾರಣ ಮಗು ಎಂಟರಿಂದಲೇ ಎರಡು ಕಳೆದಿದೆ. ಅದು ಗೊತ್ತಾದ ಟೀಚರ್ ಕಡ್ಡಿಯ ಕಟ್ಟು ತಂದು, ಒಂದು ಹತ್ತನ್ನು ಬಿಚ್ಚಿ ತೋರಿಸುತ್ತಾರೆ. ಐದು ನಿಮಿಷದ ಕೆಲಸ. ಕಲಿಸುವುದು ಎಂದರೆ ಹೆಚ್ಚಾಗಿ ಇದೇ, ಮತ್ತು ಇದು ಯಾವ ಪಾಸ್ ಪರ್ಸೆಂಟೇಜಿನಲ್ಲೂ ಕಾಣಿಸುವುದಿಲ್ಲ. ನೋಡುವವರಿಗೂ ಗಣಿತ ಗೊತ್ತಿರಬೇಕು. ಪಾಠ ಟಿಪ್ಪಣಿಗೆ ಸಹಿ ಹಾಕಿ, ಬಿಸಿಯೂಟದ ರಿಜಿಸ್ಟರ್ ನೋಡಿ, ಚಹಾ ಕುಡಿದು ಹೋಗುವ ಭೇಟಿಯಿಂದ ಆಗುವುದಿಲ್ಲ. (ಶಾಲೆಗಳಿಗೆ ಭೇಟಿ ಕೊಡುವ ಸಿಆರ್‌ಪಿಗಳು, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಬೈದುಕೊಳ್ಳಬೇಡಿ. ನಿಮ್ಮ ತಲೆ ಮೇಲಿರುವ ಮಾಹಿತಿ ತುಂಬುವ ಕೆಲಸ ನನಗೂ ಗೊತ್ತು.)

ಗೇಟ್ಸ್ ಫೌಂಡೇಶನ್ ಅಮೆರಿಕದಲ್ಲಿ ಸುಮಾರು 3,000 ಶಿಕ್ಷಕರ ಮೇಲೆ ನಡೆಸಿದ ಅಧ್ಯಯನ ಹೇಳಿದ್ದೂ ಇದಕ್ಕೆ ಹತ್ತಿರ. ಒಬ್ಬರೇ ಎರಡು ಪಾಠ ನೋಡುವುದಕ್ಕಿಂತ ಇಬ್ಬರು ಒಂದೊಂದು ನೋಡುವುದು ವಾಸಿ. ಜೊತೆಗೆ ಮಕ್ಕಳನ್ನೂ ಕೇಳಿ. 'ಟೀಚರ್ ಒಳ್ಳೆಯವರಾ' ಎಂದಲ್ಲ, 'ತಪ್ಪು ತಿದ್ದಿಕೊಳ್ಳಲು ಕಲಿಸುತ್ತಾರಾ, ಅರ್ಥವಾಗದಿದ್ದರೆ ಬೇರೆ ರೀತಿಯಲ್ಲಿ ಹೇಳುತ್ತಾರಾ' ಎಂದು.

ಆದ್ದರಿಂದ ಪಟ್ಟಿ ಹಾಕುವುದಿಲ್ಲ, ಬೇಸರಿಸಬೇಡಿ. ನೀವು ಮೊಮ್ಮಗಳ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುತ್ತೇನೆ ಎಂದು ಬರೆದಿದ್ದೀರಿ. ಮುಂದಿನ ಸಲ ಎರಡೇ ಪ್ರಶ್ನೆ ಕೇಳಿ. ಹಿಂದಿನ ತರಗತಿಯ ಕಲಿಕೆ ಎಷ್ಟಿದೆ ಎಂದು ನೋಡುವ ಜೂನ್ ತಿಂಗಳ ಸೇತುಬಂಧ ಪರೀಕ್ಷೆಯಲ್ಲಿ ಮಕ್ಕಳು ಎಲ್ಲಿದ್ದರು, ಈಗ ಎಲ್ಲಿದ್ದಾರೆ? ಈ ವರ್ಷ ಗಣಿತ ಬಲ್ಲವರು ಯಾರಾದರೂ ಗಣಿತದ ಪಾಠಕ್ಕೆ ಪೂರ್ತಿ ಕೂತಿದ್ದಾರಾ? ಸಿಕ್ಕಿದ ಉತ್ತರ ಬರೆದು ಕಳಿಸಿ. ಶಾಲೆಯ ಹೆಸರು ಬಿಟ್ಟು ಪ್ರಕಟಿಸುತ್ತೇವೆ.

– ಸಂ.