ಕ್ಯಾಲ್ಸಿಯಂ ನಾರ್ಮಲ್ ಇದ್ದರೆ ಮೂಳೆ ಗಟ್ಟಿ ಅಂತ ಅಲ್ಲ

ಪ್ರಶ್ನೆ: ಅಮ್ಮನಿಗೆ 58 ವರ್ಷ. ಸೊಂಟ, ತೊಡೆ, ಪಕ್ಕೆಲುಬು ನೋವು. ಕೈಯೂರದೆ ನೆಲದಿಂದ ಏಳಲು ಆಗುವುದಿಲ್ಲ. ಈ ಸಲ ಕಾಫಿ ಕೊಯ್ಲಿಗೂ ಹೋಗಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ 9.1 ಇದೆ. ಅಂದರೆ ಮೂಳೆ ಚೆನ್ನಾಗಿದೆ ಅಲ್ವಾ ಡಾಕ್ಟ್ರೇ? (ವಿರಾಜಪೇಟೆ)

ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99 ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ಚೂರೇ ಚೂರು. ಆದರೆ ಆ ಚೂರು ತಗ್ಗಿದರೆ ಹೃದಯ, ನರಗಳ ಕೆಲಸ ಕೆಡುತ್ತದೆ. ಅದಕ್ಕೇ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಎಳೆದು ರಕ್ತಕ್ಕೆ ಕೊಡುತ್ತವೆ. ಕಕ್ಕಡ ತಿಂಗಳ ಮಳೆಯಲ್ಲಿ ಸೌದೆ ಮುಗಿದು, ಮಾಡಿನ ಮರ ಕಿತ್ತು ಒಲೆಗೆ ಹಾಕಿದ ಹಾಗೆ. ನಿಮ್ಮ ರಿಪೋರ್ಟ್ ಒಲೆಯನ್ನಷ್ಟೇ ನೋಡಿದೆ.

ನೀವು ಬರೆದದ್ದು ಓದಿದರೆ ನನಗೆ ಆಸ್ಟಿಯೋಮಲೇಶಿಯಾದ ಅನುಮಾನ. ಹೆಚ್ಚಾಗಿ ವಿಟಮಿನ್ ಡಿ ಸಾಲದೆ ಬರುವ ಕಾಯಿಲೆ. ಹೊಸ ಮೂಳೆಗೆ ಖನಿಜ ಕೂರುವುದಿಲ್ಲ, ಅದು ಮೆತ್ತಗೇ ಉಳಿಯುತ್ತದೆ. ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ, ಬೇರೆ. ಅಲ್ಲಿ ಮೂಳೆಯೇ ಕಡಿಮೆಯಾಗುತ್ತದೆ, ಮುರಿಯುವ ತನಕ ಸಾಮಾನ್ಯವಾಗಿ ನೋವಿರುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಎರಡೂ ಒಂದೇ ಥರ ಕಾಣಬಹುದು. ಸ್ಕ್ಯಾನ್ ಒಂದನ್ನೇ ನಂಬಿ ಮೂಳೆ ಸವೆತದ ಇಂಜೆಕ್ಷನ್ ಹಾಕಿಸಬೇಡಿ. ವಿಟಮಿನ್ ಡಿ ಸರಿಪಡಿಸದೆ ಅದನ್ನು ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು.

ವಿಟಮಿನ್ ಡಿ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವುದು) ರಕ್ತಪರೀಕ್ಷೆಗಳನ್ನು ಒಟ್ಟಿಗೇ ಮಾಡಿಸಿ. ಕಿಡ್ನಿ ಕೆಟ್ಟಿದ್ದರೂ ಮೂಳೆ ಸೊರಗುತ್ತದೆ, ಅದಕ್ಕೇ ಕೊನೆಯದನ್ನು ಬಿಡಬೇಡಿ. ವಿಟಮಿನ್ ಡಿ ಕೊರತೆಯೇ ಕಾರಣವಾಗಿದ್ದರೆ ಇದು ವಾಸಿಯಾಗುವ ಕಾಯಿಲೆ. ವಯಸ್ಸಾಯ್ತು, ನೋವು ಸಹಜ ಅಂತ ತಾಯಂದಿರನ್ನು ಮೂಲೆಗೆ ಕೂರಿಸುವುದು ನೋಡಿದರೆ ಸಂಕಟವಾಗುತ್ತದೆ. ಇನ್ನೊಂದು ಮಾತು. 60,000 ಯೂನಿಟ್‌ನ ವಿಟಮಿನ್ ಡಿ ವಾರಕ್ಕೊಂದು ಅಂತ ಬರೆದುಕೊಟ್ಟರೆ ವಾರಕ್ಕೊಂದೇ. ಬೇಗ ವಾಸಿಯಾಗಲಿ ಅಂತ ದಿನಾ ನುಂಗಿದರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ಪ್ರಶ್ನೆ: ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ಸಾಕಾ?

ಸಾಲದು. ವಿಟಮಿನ್ ಡಿ ಮಾಡುವ ಕಿರಣವನ್ನು ಗಾಜು ತಡೆಯುತ್ತದೆ.

ಪ್ರಶ್ನೆ: ಹಂದಿ ಮೂಳೆಯ ಸೂಪು ಕುಡಿದರೆ ಮೂಳೆ ಗಟ್ಟಿಯಾಗುತ್ತಾ?

ಇಲ್ಲ. ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ರಾಗಿ, ಹಾಲು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಎಷ್ಟೋ ವಾಸಿ.

ಪ್ರಶ್ನೆ: ಸಂತೆಯಲ್ಲಿ ಕೊಂಡ ಪುಡಿಯಿಂದ ಎರಡೇ ದಿನಕ್ಕೆ ಮಂಡಿನೋವು ಹೋಯಿತು. ಮುಂದುವರಿಸಲಾ?

ಎರಡೇ ದಿನಕ್ಕೆ ಹೋಯಿತು ಅಂದಾಗಲೇ ನನಗೆ ಭಯ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ತಿಂಗಳುಗಟ್ಟಲೆ ತಿಂದರೆ ಬೆನ್ನುಮೂಳೆ ಕುಸಿಯಬಹುದು. ಹೀಗೆ ಮಾರುವವರು ನಿಮ್ಮ ಮೂಳೆಯನ್ನೇ ಕದಿಯುತ್ತಿದ್ದಾರೆ. ಆದರೆ ತುಂಬಾ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಅದೂ ಅಪಾಯ. ಪೊಟ್ಟಣ ಹಿಡಿದುಕೊಂಡು ಇವತ್ತೇ ಡಾಕ್ಟರ ಹತ್ತಿರ ಹೋಗಿ.