ಮೂರು ದಿನದ ಹಲ್ಲು, ಓದದೇ ಹಾಕಿದ ಸಹಿ

ಓದುಗರ ಪತ್ರ: ನನಗೆ 66 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದವಳು. ಮೇಲೆ ಐದು, ಕೆಳಗೆ ಏಳು ಹಲ್ಲು ಉಳಿದಿವೆ. ಮೇಲಿನವು ಅಲ್ಲಾಡುತ್ತವೆ. ಕೆಳಗಿನ ಮುಂದಿನ ಹಲ್ಲುಗಳು ಗಟ್ಟಿ ಇವೆ. ಮಗ ಘಟ್ಟದ ಮೇಲಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಎಲ್ಲ ಹಲ್ಲು ಕಿತ್ತು, ಒಂದೊಂದು ದವಡೆಯ ಮೂಳೆಗೆ ಇಂಪ್ಲಾಂಟ್ ಎಂಬ ನಾಲ್ಕು ಲೋಹದ ಸ್ಕ್ರೂ ಹಾಕಿ, ಮೂರು ದಿನದಲ್ಲಿ ಫಿಕ್ಸ್ ಹಲ್ಲು ಕೊಡುತ್ತೇವೆ ಎಂದರು. ಆರು ಲಕ್ಷ ರೂಪಾಯಿ. ಈ ತಿಂಗಳೇ ಮಾಡಿಸಿದರೆ ರಿಯಾಯಿತಿ. ಅಪಾಯ ಇದೆಯಾ ಎಂದು ಕೇಳಿದೆ, ‘ಏನೂ ಇಲ್ಲಮ್ಮ’ ಎಂದರು. ಇಂಗ್ಲಿಷಿನ ಒಂದು ಫಾರ್ಮಿಗೆ ಸಹಿ ಹಾಕಿ ಬಂದಿದ್ದೇನೆ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ನಡೆಯುತ್ತಿದೆ. ಮೂಳೆ ಟೊಳ್ಳಾಗಿದೆ ಎಂದು ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾಡಿಸಲೋ ಬೇಡವೋ?
– ನಿವೃತ್ತ ಶಿಕ್ಷಕಿ, ಕುಮಟಾ ತಾಲೂಕು

ಅಕ್ಕೋರೆ, ನಿಮ್ಮ ಪತ್ರದ ಕೊನೆಯ ಸಾಲುಗಳಿಂದಲೇ ಶುರು ಮಾಡುತ್ತೇನೆ. ಆ ಇಂಜೆಕ್ಷನ್ ವಿಷಯ ಹೇಳದೆ ಒಂದು ಹಲ್ಲನ್ನೂ ಕೀಳಿಸಬೇಡಿ. ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ತಾರೀಖು ಮುಂದಕ್ಕೆ ಹಾಕಿಸಿ. ಇದು ತಮಾಷೆಯ ಮಾತಲ್ಲ.

ಮೂಳೆ ಗಟ್ಟಿ ಮಾಡಲು ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಸಾಮಾನ್ಯವಾಗಿ ಜೋಲೆಡ್ರಾನಿಕ್ ಆಸಿಡ್. ಮೂಳೆ ಸವೆಯುವುದನ್ನು ಅದು ತಡೆಯುತ್ತದೆ, ನಿಜ. ಆದರೆ ಹಳೆ ಮೂಳೆ ಕರಗಿ ಹೊಸ ಮೂಳೆ ಬರುವ ಕೆಲಸವೂ ಅದರಿಂದ ನಿಧಾನವಾಗುತ್ತದೆ. ಹಲ್ಲು ಕಿತ್ತ ಗಾಯ ಕೆಲವರಲ್ಲಿ ಮುಚ್ಚುವುದೇ ಇಲ್ಲ. ದವಡೆಯ ಮೂಳೆ ಹೊರಗೆ ಕಾಣುತ್ತಾ ಸಾಯತೊಡಗುತ್ತದೆ. ಕ್ಯಾನ್ಸರಿಗೆ ಕೊಡುವ ದೊಡ್ಡ ಡೋಸಿನಲ್ಲಿ ಈ ಅಪಾಯ ಜಾಸ್ತಿ, ನಿಮ್ಮಂಥವರಿಗೆ ಕೊಡುವ ಡೋಸಿನಲ್ಲಿ ಅಪರೂಪ. ಹೆದರಿ ಇಂಜೆಕ್ಷನ್ ನಿಲ್ಲಿಸಬೇಡಿ. ಆದರೆ ಹನ್ನೆರಡು ಹಲ್ಲು ಒಟ್ಟಿಗೆ ಕೀಳುವವರಿಗೆ ಈ ವಿಷಯ ಗೊತ್ತಿರಲೇಬೇಕು. ಇಂಜೆಕ್ಷನ್ ಕೊಟ್ಟ ಡಾಕ್ಟರೂ ಹಲ್ಲಿನ ಡಾಕ್ಟರೂ ಒಮ್ಮೆ ಮಾತಾಡಬೇಕು. ಕೇಳದೇ ಇದ್ದದ್ದು ಅವರ ತಪ್ಪು. ಹೇಳದೇ ಇದ್ದದ್ದಕ್ಕೆ ನಿಮ್ಮನ್ನೂ ಸ್ವಲ್ಪ ಬೈಯುತ್ತೇನೆ. ಅರ್ಥವಾಗದಿದ್ದರೆ ಕೈ ಎತ್ತಿ ಕೇಳಿ ಎಂದು ಮಕ್ಕಳಿಗೆ ಹೇಳಿಕೊಟ್ಟವರು ನೀವು, ಅಲ್ವಾ? ಓದದ ಕಾಗದಕ್ಕೆ ನೀವೇ ಸಹಿ ಹಾಕಿ ಬಂದರೆ ಉಳಿದವರ ಗತಿ ಏನು?

ನಾನು ವೈದ್ಯನಲ್ಲ. ಆದರೆ ಈ ವಿಷಯದ ಬೆನ್ನು ಹತ್ತಿ ವರ್ಷಗಳಿಂದ ಓದಿದ್ದೇನೆ, ಡಾಕ್ಟರರನ್ನು ಪೀಡಿಸಿ ಕೇಳಿದ್ದೇನೆ, ನಮ್ಮ ಮನೆಯಲ್ಲೇ ನೋಡಿದ್ದೇನೆ.

ಇಂಪ್ಲಾಂಟ್ ಒಳ್ಳೆಯ ವಿದ್ಯೆಯೇ. ಅದನ್ನು ಅಲ್ಲಗಳೆಯುವುದಿಲ್ಲ. ಕಾರವಾರದ ಕೋಡಿಬಾಗದಲ್ಲಿ ನನ್ನ ಸ್ನೇಹಿತರೊಬ್ಬರು ಎರಡೂ ದವಡೆಗೆ ಹಾಕಿಸಿಕೊಂಡು ಹುರಿದ ಮೀನನ್ನು ಮುಳ್ಳು ಸಮೇತ ಅಗಿಯುತ್ತಾರೆ. ಹತ್ತು ವರ್ಷದ ಲೆಕ್ಕದಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಇಂಪ್ಲಾಂಟುಗಳು ಉಳಿಯುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಇಷ್ಟು ಒಪ್ಪಿಕೊಂಡ ಮೇಲೆ ನನ್ನ ತಕರಾರು ಹೇಳುತ್ತೇನೆ. ನನಗೆ ಸಿಟ್ಟು ಬರುವುದು ಆ ‘ಮೂರು ದಿನ’ ಎಂಬ ಮಾತಿನ ಮೇಲೆ.

ಈ ವಿದ್ಯೆ ಹುಟ್ಟಿದ್ದೇ ಕಾಯುವುದರಿಂದ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರ ಹೊತ್ತಿಗೆ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಉಪಕರಣ ಇಟ್ಟು ರಕ್ತ ಹರಿಯುವುದನ್ನು ನೋಡುತ್ತಿದ್ದರು. ಕೆಲಸ ಮುಗಿಸಿ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. ಆದರೂ ಅವರು ಮರುದಿನವೇ ಅಂಗಡಿ ತೆರೆಯಲಿಲ್ಲ. ಮೊದಲ ಮನುಷ್ಯನ ಬಾಯಿಗೆ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. ಆ ರೋಗಿ 2006ರಲ್ಲಿ ತೀರಿಕೊಂಡರು. 40 ವರ್ಷಕ್ಕೂ ಜಾಸ್ತಿ ಅವು ಅವರ ಬಾಯಲ್ಲಿ ಕೆಲಸ ಮಾಡಿದವು. ಹಳೆಯ ಕ್ರಮದಲ್ಲಿ ಸ್ಕ್ರೂ ಕೂರಿಸಿ, ಒಸಡು ಮುಚ್ಚಿ ಹೊಲಿದು, ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಸುಮ್ನೆ ಬಿಡುತ್ತಿದ್ದರು. ಹಲ್ಲು ಬರುವುದು ಆಮೇಲೆ.

ನಿಮಗೆ ಹೇಳಿರುವ ನಾಲ್ಕು ಇಂಪ್ಲಾಂಟಿನ ಕ್ರಮ ಪೋರ್ಚುಗಲ್ಲಿನ ಲಿಸ್ಬನ್ನಿನ ಪಾಲೊ ಮಾಲೊ ಎಂಬ ದಂತವೈದ್ಯರು ಬೆಳೆಸಿದ್ದು. ಮುಂದೆ ಎರಡು ನೇರ, ಹಿಂದೆ ಎರಡು ಓರೆ. ಓರೆ ಯಾಕೆಂದರೆ ಮೇಲೆ ಕೆನ್ನೆಯ ಒಳಗಿನ ಸೈನಸ್ ಪೊಳ್ಳು ಇದೆ, ಕೆಳಗೆ ತುಟಿಗೆ ಸ್ಪರ್ಶ ಕೊಡುವ ನರ ಇದೆ, ಎರಡನ್ನೂ ತಪ್ಪಿಸಬೇಕು. ಮೊದಲು ಸಿಬಿಸಿಟಿ ಎಂಬ ಸ್ಕ್ಯಾನ್ ಆಗಬೇಕು, ಅದು ಮೂಳೆಯ ಎತ್ತರ ಅಗಲ ಎಲ್ಲ ತೋರಿಸುತ್ತದೆ. ರಕ್ತ ಪರೀಕ್ಷೆ ಆಗಬೇಕು. ನಿಮ್ಮ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, ಏಳರ ಆಸುಪಾಸಿನಲ್ಲಿದೆಯಾ ನೋಡಿಸಿ. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಗಾಯ ಸುಲಭಕ್ಕೆ ಮಾಯುವುದಿಲ್ಲ, ಸೋಂಕು ಬೇಗ. ಆಮೇಲೆ ಹಲ್ಲು ಕೀಳುತ್ತಾರೆ. ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಹಂತ ಇದೆ: ಹೊಸ ಹಲ್ಲಿನ ಸೆಟ್ಟಿಗೆ ಎತ್ತರದ ಜಾಗ ಬೇಕೆಂದು ದವಡೆಯ ಮೂಳೆಯನ್ನು ಎಷ್ಟೋ ಸಲ ತರಿದು ಮಟ್ಟ ಮಾಡುತ್ತಾರೆ. ತರಿದ ಮೂಳೆ ವಾಪಸ್ ಬರುವುದಿಲ್ಲ. ನಾಳೆ ಇಂಪ್ಲಾಂಟ್ ಸೋತರೆ ಮತ್ತೊಂದು ಹಾಕಲು ಅಷ್ಟು ಕಡಿಮೆ ಮೂಳೆ ಉಳಿದಿರುತ್ತದೆ.

ಸ್ಕ್ರೂಗಳು ಬಿಗಿಯಾಗಿ ಕೂತರೆ ಅದೇ ದಿನವೋ ಎರಡು ಮೂರು ದಿನದಲ್ಲೋ ಹಲ್ಲು ಕೊಡುತ್ತಾರೆ. ಆದರೆ ಅದು ತಾತ್ಕಾಲಿಕದ್ದು, ಅಕ್ರಿಲಿಕ್ಕಿನದ್ದು. ಬಿಗಿ ಸಾಲದಿದ್ದರೆ ಅದೂ ಇಲ್ಲ, ಕಾಯಬೇಕು. ಮೂಳೆ ಬೆಸೆಯುವವರೆಗೆ ಎರಡು ಮೂರು ತಿಂಗಳು ಗಂಜಿ, ತಂಬುಳಿ, ಮೆತ್ತಗಿನ ಅನ್ನ. ಚಕ್ಕುಲಿ, ತೊಡೆದೇವು, ಕಬ್ಬು ಎಲ್ಲ ದೂರ. ಗಟ್ಟಿ ಹಲ್ಲು ಬರುವುದು ಮೂರರಿಂದ ಆರು ತಿಂಗಳ ಮೇಲೆ. ಹಾಗಾಗಿ ನಿಮಗೆ ಮಾರುತ್ತಿರುವ ಆ ಮೂರು ದಿನ ಅರ್ಧ ವರ್ಷದ ಚಿಕಿತ್ಸೆಯ ಮೊದಲ ವಾರ ಅಷ್ಟೇ. ಕೆಲವು ಕಡೆ ಒಂದೇ ತುಂಡಿನ ಬೇರೆ ಬಗೆಯ ಇಂಪ್ಲಾಂಟ್ ಹಾಕಿ ಮೂರನೇ ದಿನಕ್ಕೆ ಕಾಯಂ ಹಲ್ಲನ್ನೇ ಅಂಟಿಸಿಬಿಡುತ್ತಾರೆ. ಆ ವಿಧಾನವೇ ಬೇರೆ, ಅದನ್ನು ಬಿಚ್ಚುವುದೂ ಬೇರೆ. ನಿಮಗೆ ಹಾಕುವುದು ಯಾವುದು ಎಂದು ಹೆಸರು ಹಿಡಿದು ಕೇಳಿ.

‘ಏನೂ ಇಲ್ಲಮ್ಮ’ ಎಂದ ಅಪಾಯಗಳನ್ನು ಹೇಳುತ್ತೇನೆ. ಇಂಪ್ಲಾಂಟ್ ಮೂಳೆಗೆ ಬೆಸೆಯದೇ ಹೋಗಬಹುದು, ಬೀಡಿ ಸಿಗರೇಟು ಸೇದುವವರಲ್ಲಿ ಇದು ಜಾಸ್ತಿ. ಕೆಳದವಡೆಯ ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಜೋಮು ಹಿಡಿಯುತ್ತದೆ, ಕೆಲವರಿಗೆ ಕಾಯಂ. ನಾಲಗೆಯ ಕೆಳಗೆ ರಕ್ತಸ್ರಾವವಾಗಿ ಉಸಿರಿಗೇ ಅಡ್ಡಿ ಆಗುವುದು ತೀರಾ ಅಪರೂಪ, ಆದರೆ ಹಾಗೇನಾದರೂ ಆದರೆ ಆಸ್ಪತ್ರೆ ಹತ್ತಿರ ಇರಬೇಕು. ವರ್ಷಗಳ ಮೇಲೆ ಇಂಪ್ಲಾಂಟಿನ ಸುತ್ತ ಒಸಡು ಕೀವಾಗಿ ಮೂಳೆ ಕರಗಬಹುದು. ನೋವು ಅಷ್ಟಾಗಿ ಗೊತ್ತಾಗದ ಕಾರಣ ತಡವಾಗಿ ತಿಳಿಯುತ್ತದೆ. ಸ್ಕ್ರೂ ಸಡಿಲಾಗುವುದು, ಹಲ್ಲು ಚಕ್ಕೆ ಏಳುವುದು ಮಾಮೂಲಿ. ನೂರಕ್ಕೆ ತೊಂಬತ್ತು ಎಂಬ ಲೆಕ್ಕದಲ್ಲಿ ಇವು ಬರುವುದೇ ಇಲ್ಲ. ಅದು ಇಂಪ್ಲಾಂಟ್ ಬಾಯಲ್ಲಿ ಉಳಿದಿದೆಯಾ ಎಂಬುದರ ಲೆಕ್ಕ ಮಾತ್ರ. ಇನ್ನು, ನಾಲ್ಕೇ ಕಂಬದ ಮೇಲೆ ಇಡೀ ಸಾಲು ನಿಂತಿರುವಾಗ ಒಂದು ಹೋದರೆ ಕಷ್ಟ ಎಲ್ಲದಕ್ಕೂ.

ಸ್ಕ್ರೂ ಸಡಿಲಾಗುವ ಕಥೆ ನಮ್ಮ ಮನೆಯದೇ. ನನ್ನ ಚಿಕ್ಕಪ್ಪ ದೂರದ ಒಂದು ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡರು. ಎರಡನೇ ಮಳೆಗಾಲದಲ್ಲಿ ಸೆಟ್ಟು ಅಲ್ಲಾಡತೊಡಗಿತು. ಶಿರಸಿಯ ಡಾಕ್ಟರರು ಪಾಪ ಒಳ್ಳೆಯವರು, ನೋಡಿ ಕೈ ಚೆಲ್ಲಿದರು. ಒಂದೊಂದು ಕಂಪನಿಯ ಸ್ಕ್ರೂವಿಗೆ ಒಂದೊಂದು ಬಗೆಯ ಸ್ಕ್ರೂಡ್ರೈವರ್ ಬೇಕು. ಯಾವ ಕಂಪನಿ ಎಂದು ಚಿಕ್ಕಪ್ಪನಿಗೆ ಗೊತ್ತಿಲ್ಲ, ಕಾರ್ಡು ಕೊಟ್ಟಿಲ್ಲ, ಹಾಕಿದ ಡಾಕ್ಟರು ಆ ಕ್ಲಿನಿಕ್ ಬಿಟ್ಟು ಹೋಗಿದ್ದಾರೆ. ಒಂದು ಸ್ಕ್ರೂ ಬಿಗಿ ಮಾಡಲು ಎಪ್ಪತ್ತು ದಾಟಿದ ಆ ಜೀವ ಊರೂರು ಅಲೆಯಿತು.

ಅದೇ ನಮ್ಮ ಆಯಿಯ ದಾರಿ ಬೇರೆ. ಆಯಿಗೆ ಕೆಳಗಿನ ಸೆಟ್ಟು ನಿಲ್ಲುತ್ತಲೇ ಇರಲಿಲ್ಲ. ಮೇಲಿನದು ಬಾಯಿಯ ಅಂಗುಳಕ್ಕೆ ಹಿಡಿದು ಕೂರುತ್ತದೆ, ಕೆಳಗಿನದು ನಾಲಗೆ ಆಡಿದಂತೆಲ್ಲ ಏಳುತ್ತದೆ, ಇದು ಎಲ್ಲರ ಅನುಭವ. ಡಾಕ್ಟರು ಆತುರ ಮಾಡಲಿಲ್ಲ. ಕೆಳಗೆ ಮುಂದುಗಡೆ ಎರಡೇ ಇಂಪ್ಲಾಂಟ್ ಹಾಕಿ, ಮಾಯಲು ಬಿಟ್ಟು, ಆಮೇಲೆ ಸೆಟ್ಟಿಗೆ ಅಂಗಿಯ ಒತ್ತುಗುಂಡಿಯಂಥ ಗುಂಡಿ ಕೂರಿಸಿದರು. ಟಕ್ ಎಂದು ಕೂರುತ್ತದೆ, ರಾತ್ರಿ ತೆಗೆದು ತೊಳೆಯಬಹುದು. ಖರ್ಚು ಎಷ್ಟೋ ಕಡಿಮೆ, ಮೂಳೆ ತರಿಯುವುದೂ ಅಷ್ಟಿಲ್ಲ. ಆಯಿ ಆ ವರ್ಷ ಹಲಸಿನ ಹಪ್ಪಳ ತಿಂದಾಗ ಮನೆಮಂದಿಗೆಲ್ಲ ಆದ ಸಂತೋಷ ಹೇಳತೀರದು. ಇದೇನು ಬಡವರ ಅಡ್ಡದಾರಿ ಅಲ್ಲ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಕೆಳದವಡೆಯಲ್ಲಿ ಹಲ್ಲೇ ಇಲ್ಲದವರಿಗೆ ಮೊದಲ ಆಯ್ಕೆ ಇದೇ ಆಗಬೇಕು ಎಂದರು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸೇರಿದವರೂ ಅದನ್ನೇ ಒಪ್ಪಿದರು. ನಿಮಗೆ ಈ ದಾರಿ ಇದೆ ಎಂದಾದರೂ ಯಾರಾದರೂ ಹೇಳಿದರಾ?

ಅದಕ್ಕೂ ಮೊದಲಿನ ಪ್ರಶ್ನೆ ಇನ್ನೊಂದು. ಕೆಳಗಿನ ಗಟ್ಟಿ ಹಲ್ಲುಗಳನ್ನು ಯಾಕೆ ಕೀಳಬೇಕು? ಒಂದೊಂದು ಹಲ್ಲಿನ ಮೇಲೆ ಬೆರಳಿಟ್ಟು ಕಾರಣ ಕೇಳಿ. ‘ಒಟ್ಟಿಗೆ ಮಾಡಿದರೆ ಅನುಕೂಲ’ ಎಂಬುದು ಕಾರಣ ಅಲ್ಲ. ನಿಮ್ಮ ಹಲ್ಲಿನ ಬೇರಿಗೆ ತೆಳುವಾದ ನಾರಿನ ಪದರ ಇದೆ, ಅಕ್ಕಿಯಲ್ಲಿ ಸಣ್ಣ ಕಲ್ಲು ಸಿಕ್ಕರೂ ತಕ್ಷಣ ಗೊತ್ತಾಗುವುದು ಅದರಿಂದ. ಇಂಪ್ಲಾಂಟಿಗೆ ಅದು ಇಲ್ಲ. ಒಸಡಿನ ಚಿಕಿತ್ಸೆ ಮಾಡಿಸಿ ಆ ಹಲ್ಲುಗಳನ್ನು ಇನ್ನೂ ಕೆಲವು ವರ್ಷ ಉಳಿಸಿಕೊಳ್ಳುವುದಾದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಎಲೆ-ಅಡಿಕೆಯ ಕವಳ ಹಾಕುವವರಿಗೂ ಒಂದು ಮಾತು, ಅಕ್ಕೋರ ನೆಪದಲ್ಲಿ. ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆನ್ನೆಯ ಒಳಗಿನ ಚರ್ಮ ಬಿರುಸಾಗಿ ಬಾಯಿ ತೆರೆಯುವುದೇ ಕಡಿಮೆ ಆಗುತ್ತದೆ. ಎರಡು ಬೆರಳು ಹೋಗದ ಬಾಯಿಗೆ ಡ್ರಿಲ್ಲು ಎಲ್ಲಿಂದ ಹೋಗಬೇಕು? ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿದೆ, ಹೊಗೆಸೊಪ್ಪು ಹಾಕದಿದ್ದರೂ ಬರುತ್ತದೆ. ಅಡಿಕೆಯ ದುಡ್ಡಿನಲ್ಲೇ ನಿಂತ ಸೀಮೆಯಲ್ಲಿ ಇದನ್ನು ಅಚ್ಚು ಹಾಕಿದರೆ ಬೈಗುಳದ ಪತ್ರ ಬರುತ್ತವೆ. ಬರಲಿ.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಘಟ್ಟದ ಮೇಲಿನ ಕ್ಲಿನಿಕ್ಕು ಎಂದಿರಿ; ಕುಮಟೆಯಿಂದ ಹುಬ್ಬಳ್ಳಿ ಎಂದರೇ 150 ಕಿ.ಮೀ.ಗೂ ಜಾಸ್ತಿ. ಹೊಲಿಗೆ ಬಿಚ್ಚಲು, ಕಚ್ಚುವುದು ಸರಿ ಮಾಡಿಸಲು, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಲು, ಎಲ್ಲಕ್ಕೂ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಘಟ್ಟದ ಕಥೆ ನಿಮಗೇ ಗೊತ್ತು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂತು, ಸಂತೋಷ. ಆದರೆ ತಲೆಗೆ ಪೆಟ್ಟಾದವರನ್ನು ಇಂದಿಗೂ ಮಣಿಪಾಲಕ್ಕೋ ಗೋವಾಕ್ಕೋ ಒಯ್ಯುತ್ತೇವೆ. ಸುಸಜ್ಜಿತ ಆಸ್ಪತ್ರೆ ಬೇಕು ಎಂದು ಜಿಲ್ಲೆಯ ಜನ 2019ರಲ್ಲಿ ಕೂಗಿದರು, 2022ರಲ್ಲಿ ಮತ್ತೆ ಕೂಗಿದರು. ತಲೆಯ ಗತಿಯೇ ಹೀಗಿರುವಾಗ ಹಲ್ಲನ್ನು ಕೇಳುವವರು ಯಾರು? ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಎಂಬ ಸರಕಾರಿ ಯೋಜನೆ ಬಂತು. ನಮ್ಮ ಹಳ್ಳಿಗಳಲ್ಲಿ ಅದರ ಹೆಸರನ್ನೇ ಕೇಳದವರು ಎಷ್ಟು ಜನ!

ಫಾರ್ಮಿನ ವಿಷಯ. ಹಾಕಿದ ಸಹಿ ನಿಮ್ಮನ್ನು ಕಟ್ಟಿಹಾಕುವುದಿಲ್ಲ, ಯಾವಾಗ ಬೇಕಾದರೂ ಬೇಡ ಎನ್ನಬಹುದು. ಚಿಕಿತ್ಸೆ ಏನು, ಬೇರೆ ದಾರಿ ಏನಿದೆ, ದೊಡ್ಡ ಅಪಾಯಗಳು ಯಾವುವು ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಕೂತು ಕನ್ನಡ ಶಾಲೆಯ ಅಕ್ಕೋರಿಗೆ ಇಂಗ್ಲಿಷಿನ ನಾಲ್ಕು ಪುಟ ಮುಂದಿಟ್ಟು ‘ಇಲ್ಲಿ ಸಹಿ ಮಾಡಿ’ ಎಂದರೆ ಅದು ತಿಳಿಸಿದ ಹಾಗಾಯಿತಾ?

ಇನ್ನು ನೀವು ಮಾಡಬೇಕಾದ್ದು. ಮಗನಿಗೆ ಹೇಳಿ, ರಿಯಾಯಿತಿ ಹೋದರೆ ಹೋಗಲಿ. ಅವನ ಪ್ರೀತಿ ದೊಡ್ಡದು, ಆತುರ ಬೇಡ. ಸ್ಕ್ಯಾನಿನ ಪ್ರತಿ ಕೇಳಿ ಪಡೆಯಿರಿ, ಅದನ್ನು ಹಿಡಿದುಕೊಂಡು ಧಾರವಾಡದ್ದೋ ಮಣಿಪಾಲದ್ದೋ ಡೆಂಟಲ್ ಕಾಲೇಜಿನಲ್ಲಿ ಇನ್ನೊಂದು ಅಭಿಪ್ರಾಯ ಕೇಳಿ. ತೆಗೆದುಕೊಳ್ಳುವ ಎಲ್ಲ ಔಷಧದ ಚೀಟಿ ಜೊತೆಗಿರಲಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಕೊನೆಗೆ ನಾಲ್ಕು ಇಂಪ್ಲಾಂಟೇ ಸರಿ ಎಂದಾದರೆ ಧೈರ್ಯವಾಗಿ ಮಾಡಿಸಿ. ಆದರೆ ಕಂಪನಿಯ ಹೆಸರು, ಅಳತೆ ಬರೆದ ಕಾರ್ಡು ಕೈಗೆ ಬರಲಿ, ಒಂದು ಇಂಪ್ಲಾಂಟ್ ಸೋತರೆ ಖರ್ಚು ಯಾರದು ಎಂದು ಬರಹದಲ್ಲಿ ಇರಲಿ.

ಇದನ್ನು ಓದುವ ಜಿಲ್ಲೆಯ ದಂತವೈದ್ಯರಲ್ಲೂ ಒಂದು ಕೋರಿಕೆ. ನಿಮ್ಮ ಒಪ್ಪಿಗೆ ಪತ್ರವನ್ನು ಸರಳ ಕನ್ನಡದಲ್ಲಿ ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಇಡೀ ಪುಟ ಬಿಡುತ್ತೇವೆ, ಓದುಗರು ಕತ್ತರಿಸಿ ಕ್ಲಿನಿಕ್ಕಿಗೆ ಒಯ್ಯಲಿ.