ಚೌತಿಗೆ ಗೃಹಪ್ರವೇಶ ಎಂದವರನ್ನು ಮೊದಲು ಕೇಳಬೇಕಾದ್ದು

ಮನೆ ಕಟ್ಟಿಸುವವರ ಪ್ರಶ್ನೆಗಳಿಗೆ ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರೊಬ್ಬರ ಉತ್ತರ

ಪ್ರಶ್ನೆ: ಸಾರ್, ನಾವು ಅಡಿಕೆ ಬೆಳೆಗಾರರು. ಹಳೇ ಮನೆಯ ಪಕ್ಕದಲ್ಲೇ 12 ಚದರದ (1,200 ಚದರಡಿ) ತಾರಸಿ ಮನೆ ಕಟ್ಟಿಸುವ ಯೋಚನೆ. ಸಾಮಾನು ಸಮೇತ ಚದರಡಿಗೆ 2,100 ರೂಪಾಯಿಯಂತೆ ಮಾತಾಗಿದೆ. ಶಿವರಾತ್ರಿ ಕಳೆದ ಮೇಲೆ ಶುರು, ಚೌತಿಗೆ ಗೃಹಪ್ರವೇಶ ಎನ್ನುತ್ತಾರೆ ಗುತ್ತಿಗೆದಾರರು. ಒಂದು ಹಾಳೆಯ ಕೊಟೇಶನ್ ಕೊಟ್ಟು ಶೇ. 40 ಮುಂಗಡ ಕೇಳಿದ್ದಾರೆ. ಪರಿಚಯದವರೇ. ಹೆಚ್ಚು ಕೇಳಿದರೆ ನಂಬಿಕೆಯಿಲ್ಲ ಅಂದುಕೊಂಡಾರು ಎಂಬ ಸಂಕೋಚ. ಏನೇನು ಬರೆಸಿಕೊಳ್ಳಬೇಕು?
– ಹೆಸರು ಬೇಡ ಎಂದವರು, ಶಿರಸಿ ತಾಲೂಕು

ಉತ್ತರ: ನೀವು ಕಳಿಸಿದ ಹಾಳೆ ನೋಡಿದೆ. ದರ ಇದೆ, ಸಿಮೆಂಟಿನ ಕಂಪನಿ ಇದೆ, ಕೊನೆಗೆ ‘ಕೆಲಸ ಚೊಕ್ಕವಾಗಿ ಮಾಡಿಕೊಡಲಾಗುವುದು’ ಎಂದಿದೆ. ಯಾವ ಕೆಲಸ ಯಾವ ತಿಂಗಳು, ಯಾರು ಮಾಡುವವರು, ಸಾಮಾನು ಎಲ್ಲಿ ಇಳಿಯುತ್ತದೆ, ಒಂದು ಸಾಲೂ ಇಲ್ಲ. ಅಂದರೆ ನಿಮಗೆ ಸಿಕ್ಕಿರುವುದು ಬೆಲೆಪಟ್ಟಿ. ಕೆಲಸದ ಯೋಜನೆ ಇನ್ನೂ ಬಂದಿಲ್ಲ. ಅದು ಬರುವ ತನಕ ಕೈಯಿಂದ ಒಂದು ರೂಪಾಯಿ ಬಿಡಬೇಡಿ. ಪರಿಚಯದವರಾದರೆ ಇನ್ನೂ ಒಳ್ಳೆಯದೇ ಆಯಿತು, ಕೂರಿಸಿ ಚಹಾ ಕೊಟ್ಟು ಕೇಳಬಹುದು.

ಮೊದಲು ತಾರೀಕು. ಪಾಯ, ಪ್ಲಿಂತ್ (ನೆಲಮಟ್ಟದ ಕಟ್ಟೆ) ಸೇರಿ ಒಂದು ತಿಂಗಳು. ಚಿರೆಕಲ್ಲಿನ ಗೋಡೆ ಸ್ಲ್ಯಾಬಿನ ಮಟ್ಟಕ್ಕೆ ಬರಲು ಒಂದೂವರೆ ತಿಂಗಳು. ಸೆಂಟ್ರಿಂಗ್ (ಹಸಿ ಕಾಂಕ್ರೀಟ್ ಹೊರುವ ಷೀಟು, ಕಂಬ), ಕಬ್ಬಿಣ, ವೈರಿಂಗ್ ಪೈಪು ಎಂದು ಎರಡು ವಾರ. ಒಂದು ದಿನವೂ ತಪ್ಪದಿದ್ದರೆ ಒಟ್ಟು ಮೂರು ತಿಂಗಳು. ಶಿವರಾತ್ರಿಯಿಂದ ಎಣಿಸಿ ನೋಡಿ, ಸ್ಲ್ಯಾಬ್ ಬಂದು ನಿಲ್ಲುವುದು ಮೇ ಕೊನೆಗೆ, ಮಳೆಯ ಬಾಗಿಲಲ್ಲಿ. ನಿಮ್ಮ ಕಡೆ ಮೇ ಮಧ್ಯಾಹ್ನದ ಗುಡುಗುಮಳೆ ಯಾರ ಕೊಟೇಶನ್ನನ್ನೂ ಓದುವುದಿಲ್ಲ. ಆಮೇಲೆ ಚೌತಿಗೆ ಹೊರಗೋಡೆಗೆ ಬಣ್ಣವಂತೆ! ಆ ತಿಂಗಳಲ್ಲಿ ಶಿರಸಿಯಲ್ಲಿ ಒಗೆದ ಪಂಚೆ ಒಣಗುವುದೇ ಮೂರು ದಿನಕ್ಕೆ.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಮಳೆ ಹಿಡಿಯುವ ಮೊದಲು ತಲೆಯ ಮೇಲೆ ಸ್ಲ್ಯಾಬ್ ಇರಬೇಕು. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಲಿ. ದೀಪಾವಳಿ ಮುಗಿದ ವಾರವೇ ಪಾಯ ತೆಗೆದರೆ ತಿಂಗಳು ಹೆಚ್ಚುಕಡಿಮೆಯಾದರೂ ಮಾರ್ಚ್‌ನಲ್ಲಿ ಸ್ಲ್ಯಾಬ್ ಬೀಳುತ್ತದೆ. ಒಳಗಿನ ಪ್ಲಾಸ್ಟರ್, ವೈರಿಂಗ್, ನೆಲ ಮಳೆಗಾಲದಲ್ಲೇ ನಡೆಯಲಿ, ಸೂರಿನಡಿ ಅದಕ್ಕೇನೂ ತೊಂದರೆಯಿಲ್ಲ. ಹೊರಗಿನ ಪ್ಲಾಸ್ಟರ್ ಮತ್ತು ಬಣ್ಣ ಮುಂದಿನ ದೀಪಾವಳಿಯ ನಂತರ. ಗೃಹಪ್ರವೇಶ ಚೌತಿಯಿಂದ ಮುಂದೆ ಹೋಗುತ್ತದೆ, ಮನೆಯವರಿಗೆ ಈಗಲೇ ಹೇಳಿಬಿಡಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಿಮ್ಮ ಕೆಲಸ ಜಾತ್ರೆಯ ವರ್ಷಕ್ಕೆ ಸಿಕ್ಕಿದರೆ ಆ ದಿನಗಳನ್ನು ಲೆಕ್ಕದಿಂದ ತೆಗೆದೇಬಿಡಿ. ಗಾರೆಯವರು ಹಾವೇರಿ, ಗದಗದ ಕಡೆಯವರಾದರೆ ಯುಗಾದಿಗೆ ಒಮ್ಮೆ, ಬಿತ್ತನೆಗೆ ಒಮ್ಮೆ ಊರಿಗೆ ಹೊರಡುತ್ತಾರೆ. ಅದು ಅವರ ಹೊಲ, ತಡೆಯಲಾಗದು. ಮೊದಲೇ ಕೇಳಿ ಬರೆದುಕೊಳ್ಳಬಹುದು ಅಷ್ಟೆ.

ದೀಪಾವಳಿಗೆ ಶುರುವಾದರೆ ನಿಮ್ಮದೇ ಒಂದು ತೊಡಕಿದೆ, ಅಂಗಳ. ಕೊಯ್ಲು ಮುಗಿದು ಚಾಲಿ ಒಣಗಿಸುವ ಹೊತ್ತಿಗೆ ಅಲ್ಲಿ ಎರಡು ಲಾರಿ ಜಲ್ಲಿ, ಮೂರು ಲಾರಿ ಎಂ-ಸ್ಯಾಂಡ್ ಬಿದ್ದಿದ್ದರೆ ಅಡಿಕೆ ಹರಡುವುದು ಎಲ್ಲಿ? ಒಂದು ಹಾಳೆಯಲ್ಲಿ ಅಂಗಳ, ಬಾವಿ, ದಣಪೆ (ಬೇಲಿಯ ಬಾಗಿಲು), ಹಟ್ಟಿ ಎಲ್ಲ ಗೀಚಿ ಗುತ್ತಿಗೆದಾರರ ಮುಂದಿಡಿ. ಜಲ್ಲಿ ಎಲ್ಲಿ, ಸಿಮೆಂಟ್ ಯಾವ ಕೊಟ್ಟಿಗೆಯಲ್ಲಿ, ನೆಲಕ್ಕೆ ತಾಗದಂತೆ ಹಲಗೆ ಯಾರು ಹಾಕಿಸುತ್ತಾರೆ, ದಣಪೆ ದಾಟಿ ಲಾರಿ ಒಳಗೆ ಬರುತ್ತದೋ ಇಲ್ಲವೋ, ಬಾರದಿದ್ದರೆ ಹೊರುವ ಕೂಲಿ ಯಾರದು ಎಂದು ಅವರ ಕೈಯಲ್ಲೇ ಬರೆಸಿ. ಕಡೆಯದಕ್ಕೇ ಜಗಳ ಜಾಸ್ತಿ. ಬಾವಿಯಲ್ಲಿ ಮಾರ್ಚ್‌–ಏಪ್ರಿಲ್‌ಗೆ ನೀರು ಎಷ್ಟಿರುತ್ತದೆಂದು ನಿಮಗಲ್ಲದೆ ಬೇರೆ ಯಾರಿಗೆ ಗೊತ್ತು? ಸ್ಲ್ಯಾಬಿಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ 10 ದಿನ ನೀರು ನಿಲ್ಲಿಸಲೇಬೇಕು.

ಇನ್ನು ಜನ. ಗುತ್ತಿಗೆದಾರರು ಒಬ್ಬರೇ ಕಂಡರೂ ಅವರ ಕೆಳಗೆ ಗಾರೆಯವರು, ಸೆಂಟ್ರಿಂಗ್‌ನವರು, ಕಬ್ಬಿಣ ಕಟ್ಟುವವರು, ಬಡಗಿ, ಎಲೆಕ್ಟ್ರಿಷಿಯನ್, ಪ್ಲಂಬರ್ ಎಂದು ಆರು ತಂಡ. ಒಬ್ಬೊಬ್ಬರ ಮುಂದೆ ಒಂದು ಹೆಸರು ಬೇಕು. ನಾನಾದರೆ ಎರಡೇ ಪ್ರಶ್ನೆ ಕೇಳುತ್ತೇನೆ. ಈಗ ನಿಮ್ಮ ಕೈಯಲ್ಲಿ ಎಷ್ಟು ಮನೆ ಇವೆ? ಸೆಂಟ್ರಿಂಗ್ ಷೀಟು ಎಷ್ಟು ಸೆಟ್ ಇದೆ? ಮೂರು ಮನೆಗೆ ಒಂದೇ ಸೆಟ್ ಇದ್ದರೆ ನಿಮ್ಮ ಗೋಡೆ ಎದ್ದು ನಿಂತು ಪಕ್ಕದೂರಿನ ಸ್ಲ್ಯಾಬ್ ಒಣಗುವುದನ್ನು ಕಾಯುತ್ತದೆ.

ಸ್ಲ್ಯಾಬಿನ ದಿನಕ್ಕೆ ಬೇರೆಯೇ ಯೋಜನೆ ಇರಲಿ. 12 ಚದರಕ್ಕೆ ಐದಿಂಚಿನ ಸ್ಲ್ಯಾಬ್ ಅಂದರೆ 500 ಘನ ಅಡಿ, ಎಂ-20 ಎಂಬ ಗಟ್ಟಿತನದ ಕಾಂಕ್ರೀಟಿಗೆ ಸುಮಾರು 115 ಚೀಲ ಸಿಮೆಂಟ್. ಸಾರಿಗೊಂದು ಚೀಲ ತಿರುಗಿಸುವ ಮಿಕ್ಸರ್‌ನಲ್ಲಿ ಒಂದಕ್ಕೆ ನಾಲ್ಕು ನಿಮಿಷ ಹಿಡಿದರೂ ಏಳೂವರೆ ಗಂಟೆಗೆ ಮೇಲಾಯಿತು. ಬೆಳಗ್ಗೆ ಎಂಟಕ್ಕೆ ಮೊದಲ ಪುಟ್ಟಿ ಮೇಲೇರದಿದ್ದರೆ ಕತ್ತಲಾಗುತ್ತದೆ. ನನ್ನ ಭಾವನ ಮನೆಯ ಸ್ಲ್ಯಾಬಿಗೆ ಉಸ್ತುವಾರಿ ನನ್ನದೇ. ಸೇತುವೆಗೆ ಕಾಂಕ್ರೀಟ್ ಹಾಕಿಸಿದವನಿಗೆ ಇದೇನು ಮಹಾ ಎಂದು ಕುರ್ಚಿ ಹಾಕಿಕೊಂಡು ಕೂತಿದ್ದೆ. ಎಪ್ಪತ್ತನೇ ಚೀಲಕ್ಕೆ ಮಿಕ್ಸರಿನ ಬೆಲ್ಟ್ ಕಡಿಯಿತು. ಇನ್ನೊಂದು ಬೆಲ್ಟ್ ಇರಲಿಲ್ಲ. ಪೇಟೆಗೆ ಹೋದ ಹುಡುಗ ಬರುವಷ್ಟರಲ್ಲಿ ಎರಡೂವರೆ ಗಂಟೆ, ಹಾಕಿದ ಅಂಚು ಗಟ್ಟಿಯಾಗಿತ್ತು. ಸಿಮೆಂಟು ಹಾಲು ಹೊಯ್ದು ಮುಂದುವರಿಸಿದೆವು. ಇವತ್ತಿಗೂ ಆಷಾಢದಲ್ಲಿ ಅವರ ನಡುಮನೆಯಲ್ಲಿ ಅದೇ ಗೆರೆಯುದ್ದಕ್ಕೆ ನೀರು ಜಿನುಗುತ್ತದೆ. ಅಕ್ಕ ಅದರಡಿ ಒಂದು ಹಿತ್ತಾಳೆ ಚರಿಗೆ ಇಡುತ್ತಾಳೆ, ನಾನು ಹೋದ ದಿನ ತಪ್ಪದೆ. ಆದ್ದರಿಂದ ನಿಮ್ಮ ಒಪ್ಪಂದದಲ್ಲಿ ‘ಸ್ಪೇರ್ ಬೆಲ್ಟ್, ಎರಡನೇ ವೈಬ್ರೇಟರ್, ಡೀಸೆಲ್, ತಾಡಪಾಲು ಹಿಂದಿನ ಸಂಜೆಯೇ ಸ್ಥಳದಲ್ಲಿರಬೇಕು’ ಎಂದು ಬರೆಯಿರಿ. ನಗಲಿ ಬಿಡಿ.

ನಿಮ್ಮ ಪಾಲಿನ ಕೆಲಸಕ್ಕೂ ತಾರೀಕು ಹಾಕಿಕೊಳ್ಳಿ. ತಡವಾದ ಮನೆಗಳಲ್ಲಿ ಅರ್ಧ ತಡ ಮಾಲೀಕರದೇ ಎನ್ನುವುದು ನಾನು ಕಂಡದ್ದು. ಬಾಗಿಲು, ಕಿಟಕಿಯ ದಾರಂದಕ್ಕೆ ಮರ ಪಾಯ ತೆಗೆಯುವ ದಿನವೇ ಬಡಗಿಯ ಕೈ ಸೇರಲಿ. ಬಚ್ಚಲಿನ ಜಾಗ ಪ್ಲಿಂತಿಗೆ ಮುಂಚೆ ಇತ್ಯರ್ಥವಾಗಲಿ. ಫ್ಯಾನು, ದೀಪದ ಪಾಯಿಂಟು ಕಬ್ಬಿಣ ಕಟ್ಟುವ ಮೊದಲು ಗುರುತಾಗಲಿ. ಬೆಂಗಳೂರಿನ ಮಗ ವಾಟ್ಸಾಪಿನಲ್ಲಿ ಹೊಸ ಅಡುಗೆಮನೆಯ ಚಿತ್ರ ಕಳಿಸುವುದಕ್ಕೂ ಒಂದು ಕೊನೆಯ ದಿನ ಇರಲಿ.

ದುಡ್ಡಿನ ಮಾತು. ಒಟ್ಟು 25,20,000 ರೂಪಾಯಿ. ಶೇ. 40 ಅಂದರೆ ಹತ್ತು ಲಕ್ಷದ ಮೇಲೆ ಎಂಟು ಸಾವಿರ, ಒಂದು ಕಲ್ಲೂ ಇಡುವ ಮೊದಲು! ಅದರಲ್ಲಿ ಎದ್ದು ನಿಲ್ಲುವುದು ಹಿಂದಿನ ಯಾರದೋ ಮನೆಯ ಬಾಕಿ ಕೆಲಸ. ನಾನು ಹೇಳುವುದು ಹೀಗೆ: ಮುಂಗಡ ಶೇ. 10, ಪ್ಲಿಂತ್ ಮುಗಿದಾಗ 15, ಬಾಗಿಲು–ಕಿಟಕಿ ಮೇಲಿನ ಲಿಂಟಲ್‌ಗೆ 15, ಸ್ಲ್ಯಾಬಿಗೆ 25, ಪ್ಲಾಸ್ಟರಿಗೆ 15, ನೆಲ–ವೈರಿಂಗಿಗೆ 10, ಕೀಲಿಕೈ ಕೊಟ್ಟಾಗ 5. ಉಳಿದ ಶೇ. 5, ಅಂದರೆ 1,26,000, ಮುಗಿದ ಮನೆ ಒಂದು ಪೂರ್ತಿ ಮಳೆಗಾಲ ನೆನೆದ ಮೇಲೆ. ಅವರು ಚೌಕಾಸಿ ಮಾಡಿಯಾರು. ಮುಂಗಡವನ್ನು 15 ಮಾಡಿ ಸ್ಲ್ಯಾಬಿನದರಲ್ಲಿ 5 ಇಳಿಸಿ, ಕೊನೆಯ ಐದನ್ನು ಮಾತ್ರ ಬಿಡಬೇಡಿ.

ಇಲಾಖೆಯಲ್ಲಿ ನಮಗೆ ಎಂ.ಬಿ. ಎಂದರೆ ದೇವರ ಪಟದ ಹಾಗೆ. ಅಳತೆ ಪುಸ್ತಕ. ಅದರಲ್ಲಿ ಏರದ ಕೆಲಸಕ್ಕೆ ಬಿಲ್ ಇಲ್ಲ. ನೀವೂ ಒಂದು 200 ಪುಟದ ನೋಟುಬುಕ್ ತನ್ನಿ. ಮಣ್ಣು ಮುಚ್ಚುವ ಮೊದಲು ಪಾಯದ ಆಳ, ಕಾಂಕ್ರೀಟ್ ಮುಚ್ಚುವ ಮೊದಲು ಕಬ್ಬಿಣದ ದಪ್ಪ ಮತ್ತು ಅಂತರ, ಟೈಲ್ಸ್ ಮುಚ್ಚುವ ಮೊದಲು ಪೈಪಿನ ದಾರಿ. ಅಳೆದು ಬರೆದು ಇಬ್ಬರೂ ಸಹಿ ಹಾಕಿ, ಒಂದು ಫೋಟೊ ತೆಗೆದಿಡಿ. ಒಪ್ಪಂದದಲ್ಲಿಲ್ಲದ ಹೆಚ್ಚುವರಿ ಕೆಲಸವನ್ನೂ ಅಲ್ಲೇ ಬರೆದು, ಶುರುವಾಗುವ ಮೊದಲೇ ದರ ಹಾಕಿಸಿ. ‘ಆಮೇಲೆ ನೋಡುವ ಬಿಡಿ’ ಎಂದರೆ ಪೆನ್ನು ಮುಂದಿಡಿ.

ಪ್ರಶ್ನೆ: ತಡವಾದ ಪ್ರತಿ ದಿನಕ್ಕೆ 1,000 ರೂಪಾಯಿ ದಂಡ ಎಂದು ಒಪ್ಪಂದದಲ್ಲಿ ಬರೆದಿದ್ದೇವೆ. 70 ದಿನ ತಡವಾಗಿದೆ. 70,000 ಹಿಡಿದುಕೊಳ್ಳಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬರೆದ ಮಾತ್ರಕ್ಕೆ ಪೂರ್ತಿ ಸಿಗುತ್ತದೆಂದಿಲ್ಲ. 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ನಿಮಗೆ ಸಿಗುವುದು ನ್ಯಾಯವಾದ ಪರಿಹಾರ. ನೀವು ಬರೆದ ಮೊತ್ತ ಅದರ ಮೇಲ್ಮಿತಿ. ಬಾಡಿಗೆ ಮನೆಯಲ್ಲೇ ಉಳಿಯಬೇಕಾಯಿತೇ? ಆ ರಸೀದಿಗಳನ್ನು ಜೋಡಿಸಿಕೊಳ್ಳಿ. ಆದರೆ ಅದೇ 70 ದಿನದಲ್ಲಿ ಟೈಲ್ಸ್ ಆರಿಸಲು 25 ದಿನ ತೆಗೆದುಕೊಂಡೆವು ಎಂದು ನಿಮ್ಮ ಪತ್ರದ ಹಿಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ. ಅದನ್ನು ಕಳೆದು ಮಾತಿಗೆ ಕೂರಿ. ಕೊನೆಯ ಕಂತು ನಿಮ್ಮ ಕೈಯಲ್ಲೇ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಪ್ರಶ್ನೆ: ಸ್ಲ್ಯಾಬ್ ಹಾಕಿ ಎಂಟು ದಿನ. ನಾಳೆ ಸೆಂಟ್ರಿಂಗ್ ಎಲ್ಲ ಬಿಚ್ಚುತ್ತೇನೆ ಎನ್ನುತ್ತಾರೆ ಮೇಸ್ತ್ರಿ. ಹಾಲ್ 16 ಅಡಿ ಅಗಲ. ಬಿಚ್ಚಬಹುದೇ?
– ಗೃಹಿಣಿ, ತರೀಕೆರೆ

ಉತ್ತರ: ಬೇಡಮ್ಮಾ. ಕಾಂಕ್ರೀಟಿನ ಭಾರತೀಯ ಮಾನಕ 456ರ ಪ್ರಕಾರ ಸ್ಲ್ಯಾಬಿನ ಹರವು (ಆಧಾರದಿಂದ ಆಧಾರಕ್ಕಿರುವ ಅಂತರ) ನಾಲ್ಕೂವರೆ ಮೀಟರಿನೊಳಗಿದ್ದರೆ ಆಧಾರದ ಕಂಬ 7 ದಿನ, ಮೀರಿದರೆ 14 ದಿನ. ನಿಮ್ಮ 16 ಅಡಿ ಎಂದರೆ 4.88 ಮೀಟರ್. ತೊಲೆಗಳಡಿಯ ಕಂಬ 6 ಮೀಟರ್ ಹರವಿನ ತನಕವೂ 14 ದಿನ, ಮೇಲಾದರೆ 21. ಇದು ಸಾದಾ ಸಿಮೆಂಟಿನ ಲೆಕ್ಕ, ಪಿಪಿಸಿಗೆ ಇನ್ನೂ ಕೆಲವು ದಿನ ಕೊಡಿ. ಮೇಸ್ತ್ರಿಗೆ ಬಹುಶಃ ಇನ್ನೊಂದು ಮನೆಗೆ ಷೀಟು ಬೇಕಾಗಿದೆ. ಚಿಕ್ಕ ಕೋಣೆಯ ಷೀಟನ್ನು ತೊಲೆಯ ಕಂಬ ಅಲುಗಿಸದೆ ಒಯ್ಯಲಿ, ಹಾಲ್‌ನದನ್ನು ಮುಟ್ಟುವುದು ಬೇಡ. ಇವತ್ತು ಸಂಜೆ ತಾರಸಿ ಹತ್ತಿ ನೋಡಿ, ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಇದೆಯೋ, ಆರಿದೆಯೋ ಎಂದು.